ದಣಿಯದೆ ಮುಪ್ಪಾದ ಗಾಲಿಗಳು

ಅಡುಗೆಮನೆಯ ಮಾಡದಲ್ಲಿ, ಬೇಳೆ ಡಬ್ಬಿಗಳ ಹಿಂದೆ, ಕುಕ್ಕರಿನ ಹೊಸ ರಬ್ಬರೊಂದನ್ನು ಕಾಗದದಲ್ಲಿ ಸುತ್ತಿ ಬಹಳ ವರ್ಷಗಳಿಂದ ಕಾದಿಟ್ಟುಕೊಂಡಿದ್ದೆ. ಹಳೆಯದು ಸಡಿಲವಾಗಿ ಉಗಿ ಬಿಟ್ಟಾಗಲೆಲ್ಲ ಅದನ್ನೇ ತಣ್ಣೀರಲ್ಲಿ ಅದ್ದಿ, ಹೇಗೋ ಒತ್ತಿ ಕೂರಿಸಿ ಕೆಲಸ ಸಾಗಿಸುತ್ತಿದ್ದೆನೇ ಹೊರತು ಹೊಸದರ ಕಾಗದ ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ. ಮನೆ ಮಗಳು ರೇಣುಕಾಳ ಕುಬಸದ, ಅಂದರೆ ಸೀಮಂತದ, ಹಿಂದಿನ ದಿನ ಹೋಳಿಗೆಗೆ ಕಡಲೆಬೇಳೆ ಕುದಿಯಲಿಟ್ಟಾಗ ಹಳೆಯ ರಬ್ಬರು ಪೂರ್ತಿ ಕೈಕೊಟ್ಟಿತು. ಇಂಥ ಹೊತ್ತಿಗೆಂದೇ ಅಲ್ಲವೇ ಇಟ್ಟದ್ದು ಎಂದು ಒಳಗೊಳಗೇ ಹಿಗ್ಗುತ್ತ ಹೊಸದನ್ನು ತೆಗೆದು ಮುಚ್ಚಳದ ಅಂಚಿಗೆ ಎಳೆದೆ. ಒಮ್ಮೆಯೂ ಉಗಿ ಕಾಣದ, ಒಮ್ಮೆಯೂ ಸೀಟಿ ಕೇಳದ ಆ ರಬ್ಬರು ಒಣಗಿದ ಬಳ್ಳಿಯಂತೆ ಲಟಕ್ಕನೆ ಮುರಿದು ಕೈಯಲ್ಲುಳಿಯಿತು.

ನಿಮ್ಮ ಮನೆಯಲ್ಲೂ ಇಂಥದೊಂದು ಮಾಡ ಇದ್ದೇ ಇರುತ್ತದೆ. ಬಂದವರಿಗೆಂದು ತೆಗೆದಿಟ್ಟ ಬಟ್ಟಲುಗಳು, ಎಂದಾದರೂ ಉಡೋಣವೆಂದು ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ, ಕವರು ತೆಗೆಯದ ಕಂಬಳಿ. ಹಿತ್ತಾಳೆಯ ಹಂಡೆ ಎಷ್ಟು ವರ್ಷ ಅಟ್ಟದ ಮೇಲಿದ್ದರೂ ಹುಣಸೆಹಣ್ಣು ಹಾಕಿ ಉಜ್ಜಿದರೆ ಮೊನ್ನೆ ತಂದಂತೆ ಹೊಳೆಯುತ್ತದೆ. ರೇಷ್ಮೆಯಾದರೋ ಉಡದೆ ಇಟ್ಟಲ್ಲೇ ಮಡಿಕೆಯ ಗುಂಟ ಸೀಳುತ್ತದೆ. ಎಲ್ಲವನ್ನೂ ಒಂದೇ ಅಕ್ಕರೆಯಿಂದ ಕಾಯುವ ನಾವು, ಕಾಯಿಸಿಕೊಳ್ಳುವ ವಸ್ತುವಿನ ಸ್ವಭಾವವನ್ನು ಮಾತ್ರ ವಿಚಾರಿಸುವುದಿಲ್ಲ. ಬಳಸದ್ದು ಹೊಸದು, ಸವೆದದ್ದು ಹಳೆಯದು ಎಂಬ ಸರಳ ಲೆಕ್ಕವೊಂದು ನಮ್ಮ ಯರಗುಪ್ಪಿಯ ಮನೆಗಳಲ್ಲಿ ಮಾತಿಲ್ಲದೆ ನಡೆದುಬಂದಿದೆ. ಮುರಿದ ರಬ್ಬರಿನ ಎರಡು ತುದಿಗಳನ್ನು ಹಿಡಿದು ನಿಂತ ನನಗೂ ಆ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ. ಹಿಟ್ಟು ಮೆತ್ತಿ ಮುಚ್ಚಳ ಬಿಗಿದು, ಬೇಳೆ ಬೇಯಿಸಿಕೊಂಡೆ.

ಈಗ ಭಾವನವರ ಕಾರಿನ ಮಾತು. ಭಾವ ಎಂದರೆ ನಮ್ಮ ಮನೆಯವರ ಅಣ್ಣ, ಮನೆಯ ಯಜಮಾನರು, ರೇಣುಕಾಳ ತಂದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮದುವೆಯಾಗಿ ಬಂದಂದಿನಿಂದ ನಾವೆಲ್ಲ ಒಂದೇ ಒಲೆಯ ಅನ್ನ ಉಂಡವರು. ಟ್ರ್ಯಾಕ್ಟರು ಬಂದು ಎತ್ತುಗಳನ್ನು ಕೊಟ್ಟುಬಿಟ್ಟ ವರ್ಷ ಭಾವ ಬಹಳ ದಿನ ಮೇವಿಲ್ಲದೆ ಖಾಲಿ ಬಿದ್ದ ಗ್ವಾದಲಿಯ ಮುಂದೆ ಸುಮ್ಮನೆ ಕೂಡುತ್ತಿದ್ದರು. ಆಮೇಲೆ ಆ ದನದ ಕೊಟ್ಟಿಗೆಯಲ್ಲೇ ಕಾರು ಬಂದು ನಿಂತಿತು. ಎತ್ತಿಗೆ ಸಲ್ಲುತ್ತಿದ್ದ ಉಪಚಾರವೆಲ್ಲ ಅದಕ್ಕೆ ಸಂದಿತು. ಬೆಳಿಗ್ಗೆ ಎದ್ದ ಕೂಡಲೇ ಅದರ ಮೈಮೇಲೆ ಕೈಯಾಡಿಸುವುದು, ಧೂಳು ಕೂರದಂತೆ ತಮ್ಮ ಅವ್ವ ಹೊಲಿದ ಕೌದಿ ಹೊದಿಸುವುದು, ಬಸವನಿಗೆ ಬಿಡುವಿನ ದಿನವೆಂದು ಸೋಮವಾರ ಅದನ್ನು ಹೊರಗೆ ತೆಗೆಯದಿರುವುದು. ಅಮಾವಾಸ್ಯೆಗೊಮ್ಮೆ ನಾಲ್ಕೂ ಗಾಲಿಗಳನ್ನು ತೊಳೆದು, ಬಟ್ಟೆಯ ತುಂಡಿಗೆ ಕುಸುಬಿ ಎಣ್ಣೆ ಮುಟ್ಟಿಸಿ, ಎತ್ತಿನ ಕೋಡಿಗೆ ಹಚ್ಚುತ್ತಿದ್ದಷ್ಟೇ ನಿಧಾನದಿಂದ ಟೈರುಗಳಿಗೆ ಹಚ್ಚುತ್ತಿದ್ದರು. ಆಗ ಅವು ಮಳೆ ಬಿದ್ದ ಎರೆಮಣ್ಣಿನಂತೆ ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು.

ಕಾರು ಹೊರಡುತ್ತಿದ್ದದ್ದು ಶುಭಕಾರ್ಯಕ್ಕೆ ಮಾತ್ರ. ಹೆಣ್ಣುಮಕ್ಕಳನ್ನು ಕರೆತರಲು, ಕಳಿಸಿಬರಲು, ನಿಶ್ಚಯಕ್ಕೆ, ತೊಟ್ಟಿಲಿಗೆ. ಸಂಶಿಯ ಸಂತೆಗೆ ಬಸ್ಸೇ ಸೈ. "ಯಜಮಾನ್ರ ಗಾಡಿ ಓಡೂದಕ್ಕಿಂತ ಮಲಗೂದ ಹೆಚ್ಚರಿ, ನಮ್ಮಳಿಯನಂಗ" ಎಂದು ಬಾಜು ಮನೆಯವರು ಚೇಷ್ಟೆ ಮಾಡಿದರೆ ಭಾವನವರಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು. ವಿಶ್ರಾಂತಿ ಕೊಟ್ಟಷ್ಟೂ ಎತ್ತು ಬಲಿಯುತ್ತದೆ ಎಂಬುದನ್ನು ಬದುಕಿಡೀ ಕಣ್ಣಾರೆ ಕಂಡವರು ಅವರು. ಗಾಲಿಯೂ ಹಾಗೆಯೇ ಬಲಿಯುತ್ತಿದೆ ಎಂದುಕೊಂಡರೆ ತಪ್ಪೇನು ಹೇಳಿ.

ಕುಬಸದ ಹಿಂದಿನ ದಿನ, ಆ ರಬ್ಬರು ಮುರಿದ ದಿನವೇ, ಹೂವು ಕಾಯಿ ತರಲು ಭಾವ ಸಂಶಿಗೆ ಹೋಗಿದ್ದರು. ಕಾರಿಗೆ ನೀರು ಹಾಕಿ ಗಾಲಿಗಳಿಗೆ ವಿಭೂತಿ ಕುಂಕುಮ ಹಚ್ಚಿಡು ಎಂದು ಅಕ್ಕ ನನಗೆ ಹೇಳಿದಳು. ಮಾರನೆಯ ದಿನ ಆ ಕಾರಿನಲ್ಲೇ ನಾವು ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ, ರೇಣುಕಾಳ ಗಂಡನ ಮನೆಗೆ ಹೋಗಿ, ಅಲ್ಲಿ ಕುಬಸ ಮಾಡಿ, ಏಳು ತಿಂಗಳ ಬಸುರಿಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಅಂಗಳದ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿಗೆ ವಿಭೂತಿ ಎಳೆಯುವಾಗ ಬೆರಳಿಗೆ ಏನೋ ತರಿತರಿಯಾಗಿ ತಾಗಿತು. ಮುಖ ಹತ್ತಿರ ತಂದು ನೋಡಿದೆ. ಟೈರಿನ ಪಕ್ಕೆಯ ತುಂಬ, ಎಣ್ಣೆಯ ಹೊಳಪಿನ ಕೆಳಗೆ, ಕೂದಲೆಳೆಯಂಥ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡು ಹಬ್ಬಿದ್ದವು. ಚೈತ್ರ ವೈಶಾಖದಲ್ಲಿ ನಮ್ಮ ಎರೆಹೊಲ ಹೇಗೆ ಬಾಯಿ ಬಿಡುತ್ತದೋ ಹಾಗೆ. ಅದನ್ನೇ ಯಾರೋ ಅಂಗೈಯಗಲಕ್ಕೆ ಕುಗ್ಗಿಸಿ ಬರೆದಂತೆ.

ಎರೆಹೊಲದ ಬಿರುಕಿಗೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಬೇಸಗೆಯಲ್ಲಿ ನೆಲ ಬಿರಿದಷ್ಟೂ ಮೊದಲ ಮಳೆ ಆಳಕ್ಕಿಳಿಯುತ್ತದೆ, ಮಣ್ಣು ತಾನೇ ತನ್ನನ್ನು ಉತ್ತುಕೊಳ್ಳುತ್ತದೆ, ಒಂದು ಹದ ಮಳೆಗೆ ಗಾಯವೆಲ್ಲ ಮಾಯುತ್ತದೆ. ಆದರೆ ರಬ್ಬರಿಗೆ ಮಳೆಗಾಲವಿಲ್ಲ. ಒಮ್ಮೆ ಒಣಗಿದ್ದು ಮತ್ತೆ ಹಸಿಯಾಗುವುದಿಲ್ಲ. ಬೆಳಗಿನ ಅಡುಗೆಮನೆಯಲ್ಲಿ ಲಟಕ್ಕೆಂದ ಸದ್ದು ಆಗ ನನ್ನ ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿತು.

ಸ್ಕೂಟಿ ಕಲಿತು ಲೈಸೆನ್ಸಿಗೆಂದು ಹೋದಾಗ ಸಾರಿಗೆ ಕಚೇರಿಯ ಬೆಂಚಿನ ಮೇಲೆ ಸರದಿ ಕಾಯುತ್ತ, ಗೋಡೆಯ ಮೇಲಿದ್ದ ಟೈರಿನ ಚಿತ್ರವನ್ನು ಓದಲು ಬೇರೇನೂ ಇಲ್ಲವೆಂದು ಮೇಲಿಂದ ಕೆಳಗೆ ಓದಿದ್ದೆ. ಟೈರಿನ ಗೀರುಗಳ ಆಳ ಕಾರಿಗಾದರೆ ಒಂದು ಪಾಯಿಂಟ್ ಆರು ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸಲೇಬೇಕು, ಇಲ್ಲವಾದರೆ ಕಾನೂನಿನಂತೆ ದಂಡ. ಒಳಗಿನ ನೂಲು ಕಾಣಬಾರದು, ಎಲ್ಲೂ ಉಬ್ಬಿರಬಾರದು, ಟೈರು ಒಳ್ಳೆಯ ಸ್ಥಿತಿಯಲ್ಲಿರಬೇಕು. ಎಲ್ಲಕ್ಕಿಂತ ಕೆಳಗೆ, ಪಕ್ಕೆಯ ಮೇಲೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ ಎಂದಿತ್ತು. ಉಪಯೋಗಕ್ಕೆ ಬರುತ್ತದೆಂದು ಓದಿದ್ದಲ್ಲ. ಓದಿದ್ದು ಉಳಿದುಕೊಂಡಿತ್ತು, ಅಷ್ಟೆ.

ಸೆರಗಿನಿಂದ ಎಣ್ಣೆ ಒರೆಸಿ ಆ ಚೌಕಟ್ಟನ್ನು ಹುಡುಕಿದೆ. ಕೊನೆಯ ಎರಡು ಅಂಕಿಗಳನ್ನು ಓದಿದಾಗ ನೆನಪಾದದ್ದು ರೇಣುಕಾ. ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ಜಡೆ ಹಾಕಿಸಿಕೊಂಡು ಹೊರಟ ವರ್ಷ ಅದು. ಆ ಹುಡುಗಿ ಕಾಲೇಜು ಮುಗಿಸಿ, ಮದುವೆಯಾಗಿ, ಈಗ ಹೊಟ್ಟೆಯಲ್ಲೊಂದು ಜೀವ ಹೊತ್ತು ನಾಳೆ ಇದೇ ಗಾಲಿಗಳ ಮೇಲೆ ಕೂತು ಬರಲಿದ್ದಳು. ಮಿಕ್ಕ ಗಾಲಿಗಳನ್ನೂ ನೋಡಿದೆ. ನಾಲ್ಕೂ ಅದೇ ವರ್ಷದವು. ಗೀರುಗಳೋ, ಬೆರಳು ಹಾಕಿದರೆ ಉಗುರು ಮುಳುಗುವಷ್ಟು ಆಳವಾಗಿದ್ದವು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಯಾರೂ ಕಟ್ಟು ಹಾಕಿದ್ದಲ್ಲ. ಹೊಸತರಲ್ಲಿ ನಾಚಿಕೆಯಿಂದ ಶುರುವಾದದ್ದು, ಆಮೇಲೆ ಗೌರವವೆನಿಸಿಕೊಂಡು, ಕಡೆಗೆ ಮುರಿಯಲು ಕಾರಣ ಸಿಗದೆ ಉಳಿದುಬಿಡುತ್ತದೆ. ನಾನೂ ಭಾವನೂ ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿದ್ದೆಲ್ಲ ಅಕ್ಕನ ಮೂಲಕವೇ. ಅಂದು ಸಂಜೆಯೂ ಹಾಗೆಯೇ ಆಯಿತು. ಭಾವ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದರು, ನಾನು ಅಡುಗೆಮನೆಯ ಬಾಗಿಲ ಒಳಗಿದ್ದೆ, ಅಕ್ಕ ನಡುವೆ ಹೊಸ್ತಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು.

"ಇಲ್ಲಿ ಕೇಳ್ರಿ. ಗಾಡಿ ಗಾಲಿ ಬಿರುಕ ಬಿಟ್ಟಾವಂತ" ಎಂದಳು ಅಕ್ಕ.

"ಯಾರಂದ್ರು?"

"ಮತ್ಯಾರು? ಒಳಗ ನಿಂತಾಳಲ್ಲ."

ಭಾವ ಒಳಗೆ ನೋಡಲಿಲ್ಲ. "ಆಕಿಗೆ ಹೇಳು, ಅವಕ್ಕ ಏನೂ ಆಗಿಲ್ಲ. ಇನ್ನಾ ಹಲ್ಲ ಸುದ್ದಾ ಸವದಿಲ್ಲ."

"ಹಲ್ಲ ಸವದಿಲ್ಲಂತ" ಎಂದಳು ಅಕ್ಕ ನನ್ನತ್ತ ತಿರುಗಿ, ನನಗೆ ಕೇಳಿಸಿಯೇ ಇಲ್ಲವೆಂಬಂತೆ.

"ಸವದದ್ದಲ್ರಿ ಅಕ್ಕಾ. ವಯಸ್ಸಾಗೇತಿ. ರಬ್ಬರ ಒಣಗೇತಿ. ನಾಳಿ ಬಿಸಲಾಗ ಅಷ್ಟ ದೂರ, ಅಷ್ಟ ಮಂದಿ, ಬರೂ ಮುಂದ ಬಸರಿ ಹುಡುಗಿ ಬ್ಯಾರೆ."

"ವಯಸ್ಸಾಗೇತಂತ್ರಿ."

"ವಯಸ್ಸು ನನಗೂ ಆಗೇತಿ. ನನ್ನೂ ಬದಲಿ ಮಾಡ್ತೀರೇನು?"

"ಅಂಗಡ್ಯಾಗ ಸಿಗೂವಂಗಿದ್ರ ಅಗದಿ ಹಿಂದ ಮಾಡ್ತಿದ್ನಿ" ಎಂದು ಅಕ್ಕ ಹೂವಿನ ಗಂಟು ಬಿಗಿದಳು. ನಗೆ ತಡೆಯಲಾಗದೆ ಭಾವನ ಮೀಸೆ ಅಲುಗಿತು. ಆದರೆ ಮರುಗಳಿಗೆಯಲ್ಲಿ ಅವರ ದನಿ ಗಟ್ಟಿಯಾಯಿತು.

"ಲೈಸೆನ್ಸಿಗೆ ಹೋದಾಗ ಓದಿ ಬಂದಾಳಲ್ಲ, ಕಾಯ್ದೆ ಏನ ಹೇಳತೈತಿ ಕೇಳು. ಗೀರು ಆಳ ಇರ್ಬೇಕು ಅನ್ನತೈತೊ, ಗಾಲಿ ಜಾತಕಾ ತರ್ರಿ ಅನ್ನತೈತೊ?"

ಗೀರಿನ ಆಳಕ್ಕೆ ಕಾನೂನಿನಲ್ಲಿ ಅಳತೆಯಿದೆ. ನಮ್ಮ ಮನೆಯ ಕಾರಿನಂಥ ಕಾರುಗಳ ಟೈರಿಗೆ ಇಂತಿಷ್ಟೇ ಆಯುಷ್ಯ ಎಂದು ನಾನೆಲ್ಲೂ ಓದಿರಲಿಲ್ಲ. ನೂಲು ಕಂಡಿರಲಿಲ್ಲ, ಉಬ್ಬು ಇರಲಿಲ್ಲ. ದಾರಿಯಲ್ಲಿ ಯಾವ ಪೊಲೀಸನು ನಿಲ್ಲಿಸಿದರೂ ನಮ್ಮ ಗಾಲಿಗಳಿಗೆ ಶಹಬ್ಬಾಸ್ ಹೇಳಿಯೇ ಕಳಿಸುತ್ತಿದ್ದನೇನೋ. ಆದರೂ 'ಒಳ್ಳೆಯ ಸ್ಥಿತಿಯಲ್ಲಿರಬೇಕು' ಎಂದು ಗೋಡೆಯ ಮೇಲೆ ಬರೆದಿದ್ದ ಮಾತು ನನ್ನನ್ನು ಕಾಡುತ್ತಲೇ ಇತ್ತು. ಕಾನೂನು ಅಳೆಯಬಲ್ಲದ್ದನ್ನೆಲ್ಲ ಅಳೆದು, ಅಳೆಯಲಾಗದ್ದನ್ನು ಈ ಒಂದು ಮಾತಿನೊಳಗೆ ಕಟ್ಟಿ ನಮ್ಮ ನಮ್ಮ ಮನಸ್ಸಿನ ಮೇಲೆ ಹೊರಿಸಿ ಹೋಗಿದೆ. ದಂಡ ತಪ್ಪಿಸಿಕೊಳ್ಳಲು ಮಿಲಿಮೀಟರು ಸಾಕು. ಕೂಡುವ ಮಗಳ ಮುಖ ನೆನೆದಾಗ ಅದು ಸಾಕಾಗುವುದಿಲ್ಲ.

ನಮ್ಮ ಮನೆಯವರಿಗೆ ಹೇಳಿದರೆ, "ಅಣ್ಣ ಇಷ್ಟ ವರ್ಷ ಕೂಸಿನಂಗ ಜ್ವಾಕಿ ಮಾಡ್ಯಾನ. ನೀ ಒಂದ ದಿನ ತೊಳದು ಅದಕ್ಕ ಬ್ಯಾನಿ ಐತಿ ಅಂತೀ. ನಾ ಯಾವ ಬಾಯಿಲೆ ಹೇಳ್ಲಿ?" ಎಂದು ಪಂಚೆ ಕೊಡವಿ ಎದ್ದುಹೋದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಜೋಪಾನದಲ್ಲಿ ಕೊರತೆಯಾಗಿದ್ದರೆ ಹೇಳುವುದು ಸುಲಭವಿತ್ತು. ಜೋಪಾನವೇ ಕೆಡಿಸಿತು ಎಂದು ಹೇಳುವುದು ಹೇಗೆ?

ಮಾರನೆಯ ಬೆಳಿಗ್ಗೆ ಹೊರಟೆವು. ಬುತ್ತಿಯ ಬುಟ್ಟಿಗಳು, ಸಜ್ಜೆ ರೊಟ್ಟಿ, ಹೋಳಿಗೆ, ಶೇಂಗಾ ಹಿಂಡಿ, ಹಸಿರು ಸೀರೆ, ಬಳೆ, ಹಣ್ಣು, ನಾವು ನಾಲ್ವರು. ಗಾಲಿಯಡಿ ನಿಂಬೆಹಣ್ಣು ಒಡೆಯಿತು. ಹುಬ್ಬಳ್ಳಿ ದಾಟಿ ಕಲಘಟಗಿಯ ರಸ್ತೆ ಹಿಡಿಯುವವರೆಗೆ ನಾನು ಕಿಟಕಿಯಾಚೆ ನೋಡಿದ್ದು ಕಡಿಮೆ. ನನ್ನ ಕಾಲಡಿಯ ಸದ್ದನ್ನೇ ಕೇಳುತ್ತಿದ್ದೆ. ಬಯಲು ಮುಗಿದು ಗಿಡಮರಗಳ ನೆರಳು ಬಂದಾಗ ಅಕ್ಕ, "ಏನ ಗರಾ ಬಡದಂಗ ಕುಂತೀ ಬೇ" ಎಂದು ಮೊಣಕೈಯಿಂದ ತಿವಿದಳು. ಏನೂ ಆಗದೆ ಬಮ್ಮಿಗಟ್ಟಿ ಮುಟ್ಟಿದೆವು. ಇಳಿಯುವಾಗ ಭಾವ ಬಾನೆಟ್ಟಿನ ಮೇಲೆ ಎರಡು ಬಾರಿ ಮೆಲ್ಲಗೆ ತಟ್ಟಿ, ಅಕ್ಕನಿಗೆ ಎಂಬಂತೆ, "ತಂದ ಮುಟ್ಟಸ್ತಿಲ್ಲೋ?" ಎಂದರು. ಅದು ಯಾರಿಗೆ ಹೇಳಿದ್ದೆಂದು ಮೂವರಿಗೂ ಗೊತ್ತಿತ್ತು.

ಕುಬಸ ಚೆಂದವಾಯಿತು. ಹಸಿರು ಸೀರೆ ಉಟ್ಟು, ಮಂಡೆ ತುಂಬ ಮಲ್ಲಿಗೆ ಮುಡಿದು, ಮಣೆಯ ಮೇಲೆ ಕೂತ ರೇಣುಕಾ ಒಮ್ಮೆ ಹೊಟ್ಟೆಯ ಪಕ್ಕಕ್ಕೆ ಕೈಯಿಟ್ಟು, "ಚಿಗವ್ವಾ, ಒದೀತು ನೋಡು" ಎಂದು ನನ್ನ ಕೈಯನ್ನು ಎಳೆದು ಅಲ್ಲಿಟ್ಟುಕೊಂಡಳು. ಸೀರೆಯ ನಿರಿಗೆಗಳ ಕೆಳಗೆ ಒಂದು ಪುಟ್ಟ ಹಿಮ್ಮಡಿಯೋ ಮೊಣಕೈಯೋ ನನ್ನ ಅಂಗೈಯನ್ನು ತಳ್ಳಿ ಸರಿಯಿತು. ಅಲ್ಲಿಂದ ಮುಂದೆ ನನಗೆ ಊಟ ಸೇರಲಿಲ್ಲ.

ಊಟ ಮುಗಿದು ಹೊರಡುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ರಸ್ತೆ ಕಾದು ದೂರದಲ್ಲಿ ನೀರಿನಂತೆ ನಡುಗುತ್ತಿತ್ತು. ಬೀಗರು ಕೊಟ್ಟ ಅಕ್ಕಿಯ ಚೀಲ ಡಿಕ್ಕಿಯಲ್ಲಿ ಕೂತಿತ್ತು. ಅಂಗಳದಲ್ಲಿ ಬೀಗರ ಮನೆಯ ಮಂದಿಯೆಲ್ಲ ಬೀಳ್ಕೊಡಲು ನಿಂತಿದ್ದಾಗ ಭಾವ ಹಿಂದಿನ ಬಾಗಿಲು ತೆರೆದು, ಮಗಳತ್ತ ಕೈ ಚಾಚಿದರು. ಆಗ ನಾನು ಮುಂದೆ ಬಂದದ್ದು ನನಗೇ ಗೊತ್ತಾಗಲಿಲ್ಲ.

"ಭಾವಾರ, ರೇಣುಕಾನ ಈ ಗಾಡ್ಯಾಗ ಕುಂದರಸಬ್ಯಾಡ್ರಿ."

ಇಷ್ಟು ವರ್ಷಗಳಲ್ಲಿ ಅವರ ಮುಖ ನೋಡಿ ನಾನಾಡಿದ ಮೊದಲ ಮಾತು ಅದು. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಭಾವ ಬಾಗಿಲು ಹಿಡಿದೇ ನಿಂತರು. ನಮ್ಮ ಮನೆಯವರು ಚಪ್ಪಲಿಯ ತುದಿ ನೋಡುತ್ತಿದ್ದರು. ಬೀಗಿತಿಗೆ ಮಾತು ಬೇಗ ಬಂತು: "ಅಯ್ಯ, ಗಾಡಿ ಸರಿ ಇಲ್ಲಂದ್ರ ಮೊದ್ಲ ಹೇಳ್ಬೇಕಿಲ್ಲೇನ್ರಿ? ನಮ್ಮ ಮನ್ಯಾಗ ನಿಂತೈತಿ ಗಾಡಿ. ನಮ್ಮ ಹುಡುಗ ಬಿಟ್ಟು ಬರ್ತಾನ. ನಮ್ಮ ಮೊಮ್ಮಗಂದೂ ವಿಚಾರ ಐತಲ್ರಿ." ಬೀಗರ ಅಂಗಳದಲ್ಲಿ, ಹೆಣ್ಣು ಕೊಟ್ಟವರ ಗಾಡಿಯ ಬಗ್ಗೆ ಇಂಥ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಭಾವ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಅದು ದಢಾರನೆ ಬಡಿದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ರೇಣುಕಾ, ಅಕ್ಕ, ನಮ್ಮ ಮನೆಯವರು ಅಳಿಯನ ಗಾಡಿ ಹತ್ತಿದರು. ಅಕ್ಕಿಯ ಚೀಲವೂ ಅದರಲ್ಲೇ ಹೋಯಿತು. ಭಾವ ಒಬ್ಬರೇ ತಮ್ಮ ಕಾರಿನಲ್ಲಿ ಕೂತು ಕೀಲಿ ತಿರುಗಿಸುವುದನ್ನು ನೋಡಿದೆ. ಮಗಳಿಗೆ ತಕ್ಕದ್ದಲ್ಲವೆಂದು ನಾನು ಹೇಳಿದ ಗಾಲಿಗಳ ಮೇಲೆ ಅವರೊಬ್ಬರೇ ಬಯಲು ದಾಟಬೇಕು. ನಾನು ಹಿಂದಿನ ಬಾಗಿಲು ತೆರೆದು ಹತ್ತಿ ಕೂತೆ. ಅದು ಜಾಣತನವೇ ಎಂದು ನೀವು ಕೇಳಿದರೆ, ಖಂಡಿತ ಅಲ್ಲ. ಅಪಾಯವೆಂದು ನಂಬಿದವಳು ತಾನೇ ಹೋಗಿ ಅದರೊಳಗೆ ಕೂಡುವುದು ಯಾವ ವಿವೇಕ? ಆದರೆ ಕೆಲವು ಮಾತುಗಳನ್ನು ಆಡಿದ ಮೇಲೆ ಆಡಿಸಿಕೊಂಡವರ ಜತೆ ಒಂದಿಷ್ಟು ದಾರಿ ಹೋಗಬೇಕಾಗುತ್ತದೆ. ಭಾವ ಎತ್ತಿನ ಬಂಡಿಯ ನಡೆಯಲ್ಲಿ ಕಾರು ಬಿಟ್ಟರು. ಹಿಂದಿನಿಂದ ಬಂದವರೆಲ್ಲ ಹಾರ್ನು ಬಾರಿಸಿ ಬೈದು ಮುಂದೆ ಹೋದರು. ನಡುವೆ ಒಂದು ಹುಣಸೆಮರದ ನೆರಳಿಗೆ ನಿಲ್ಲಿಸಿ ಗಾಲಿಗಳನ್ನು ಅಂಗೈಯಿಂದ ಮುಟ್ಟಿ ನೋಡಿದರು, ಕಾವು ಆರುವವರೆಗೆ ಬೇರಿನ ಮೇಲೆ ಕೂತರು. ನಾನು ಒಳಗೇ ಕೂತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಯರಗುಪ್ಪಿ ಸೇರಿದೆವು.

ಗಾಲಿ ಒಡೆಯಲಿಲ್ಲ.

ಅಂದಿನಿಂದ ನಾನು ಬಹಳ ಯೋಚಿಸಿದ್ದು ಇದನ್ನೇ. ಒಡೆದಿದ್ದರೆ ನಾನು ಸರಿಯೆಂದು ಊರು ಹೇಳುತ್ತಿತ್ತು, ಆದರೆ ಅದನ್ನು ಕೇಳಲು ನಾವಿಬ್ಬರೂ ಇರುತ್ತಿದ್ದೆವೋ ಇಲ್ಲವೋ. ಒಡೆಯದ್ದಕ್ಕೆ ನಾನು ಬೀಗರ ಮುಂದೆ ಮನೆಯ ಮಾನ ಕಳೆದ ಗಯ್ಯಾಳಿಯಾದೆ. ಆಪತ್ತು ಬಂದರೆ ಅದಕ್ಕೆ ರಸ್ತೆಯ ಮೇಲೆ ಗುರುತು ಉಳಿಯುತ್ತದೆ, ಗಾಜು ಚೆಲ್ಲಿರುತ್ತದೆ, ಹೇಳಲು ಹತ್ತು ಜನರಿರುತ್ತಾರೆ. ಬಾರದೆ ಹೋದ ಆಪತ್ತಿಗೆ ಯಾವ ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ. ಅದು ಬರುತ್ತಿತ್ತೇ ಇಲ್ಲವೇ ಎಂಬುದು ಕೂಡ ಯಾರಿಗೂ ತಿಳಿಯುವುದಿಲ್ಲ. ಕೂಸು ಬಾವಿಯತ್ತ ಹೋಗದಂತೆ ತಡೆಯುವವರು, ಒಲೆ ಆರಿಸಿದೆನೋ ಎಂದು ಮತ್ತೆ ಎದ್ದು ನೋಡುವವರು, ಮನೆ ಮನೆಯಲ್ಲೂ ಹೀಗೆ ನಡೆಯದ ಸಂಗತಿಗಳ ಮೇಲೆಯೇ ಬದುಕು ಸವೆಸುತ್ತಾರೆ. ಅವರ ದುಡಿಮೆ ಕಣ್ಣಿಗೆ ಬೀಳದಿರುವುದೇ ಆ ದುಡಿಮೆಯ ಫಲ. ಹೀಗೆಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ.

ಮನೆಯಲ್ಲಿ ಕೆಲವು ದಿನ ಗಾಳಿ ಬಿಗಿದುಕೊಂಡಿತ್ತು. ಭಾವ ಕಾರಿಗೆ ಕೌದಿ ಹೊದಿಸಿದವರು ಆ ಕಡೆ ಹೋಗಲಿಲ್ಲ. ಅಮಾವಾಸ್ಯೆ ಬಂದರೂ ಎಣ್ಣೆಯ ಬಟ್ಟಲು ಕೇಳಲಿಲ್ಲ. "ನೀ ಹೇಳಿದ್ದು ಖರೆ ಇರಬಹುದವಾ. ಆದ್ರ ಅಲ್ಲಿ ಹೇಳಬಾರದಿತ್ತು" ಎಂದಳು ಅಕ್ಕ ರೊಟ್ಟಿ ಬಡಿಯುತ್ತ. "ಮತ್ತೆಲ್ಲಿ ಹೇಳ್ಲಿ ಅಕ್ಕಾ? ಇಲ್ಲಿ ಹೇಳಿದ್ನಲ್ಲ, ನಿಮ್ಮ ಬಾಯಿಲೇನ" ಎಂದೆ. ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮುಂದಿನ ಉಂಡೆ ಎತ್ತಿಕೊಂಡಳು.

ಒಂದು ದಿನ ಬೆಳಿಗ್ಗೆ ಭಾವ ಯಾರಿಗೂ ಹೇಳದೆ ಕಾರು ತೆಗೆದು ಕುಂದಗೋಳದ ಕಡೆ ಹೋದರು. ಮಧ್ಯಾಹ್ನ ಬಂದಾಗ ನಾಲ್ಕೂ ಗಾಲಿಗಳು ಹೊಸವು. ಡಿಕ್ಕಿಯೊಳಗಿನ ಸ್ಟೆಪ್ನಿಯೂ ಹೊಸದು. ಹೊಸ ರಬ್ಬರಿನ ವಾಸನೆ ಅಂಗಳವೆಲ್ಲ ತುಂಬಿತು. ಸಂಜೆ ಕಂಬಕ್ಕೊರಗಿ ಕೂತವರು ಅಕ್ಕನನ್ನು ಕರೆದು, "ಆಕಿನ್ನ ಕೇಳು, ಎಣ್ಣಿ ಹಚ್ಚೂದೋ ಬ್ಯಾಡೋ?" ಎಂದರು. ನಾನು ಒಳಗಿನಿಂದಲೇ, "ನೀರ ಸಾಕನ್ರಿ ಅಕ್ಕಾ, ಎಣ್ಣಿ ರಬ್ಬರಿಗೆ ಆಗಂಗಿಲ್ಲ" ಎಂದೆ. "ನೀರ ಸಾಕಂತ್ರಿ" ಎಂದಳು ಅಕ್ಕ. "ಅಂಗಡ್ಯಾಗೂ ಹಂಗ ಅಂದ್ರು. ನಿಂತಲ್ಲೆ ನಿಲ್ಲಸಬ್ಯಾಡ್ರಿ, ಆಗಾಗ ಅಡ್ಡಾಡಸ್ರಿ ಅಂದ್ರು" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅಂದಿನಿಂದ ಸಂಶಿಯ ಸಂತೆಗೆ ಕಾರು ಹೋಗತೊಡಗಿತು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬಾಜು ಮನೆಯವರು ಎಲ್ಲ ಅದರಲ್ಲೇ ಬಂದರು. ಗಾಲಿಗಳ ಹೊಸ ಕಪ್ಪಿನ ಮೇಲೆ ಎರೆಯ ಧೂಳು ಕೂತಿತು.

ರೇಣುಕಾಳ ನೋವು, ವೈದ್ಯರು ಹೇಳಿದ್ದಕ್ಕಿಂತ ಮುಂಚೆಯೇ, ನಸುಕಿನ ರೊಟ್ಟಿಯ ಹೊತ್ತಿಗೆ ಶುರುವಾಯಿತು. ಹುಬ್ಬಳ್ಳಿಯ ಆಸ್ಪತ್ರೆಯವರು ಕೂಡಲೇ ಕರೆತನ್ನಿ ಎಂದರು. ಅಕ್ಕ ಗಂಟು ಕಟ್ಟಿದಳು. ಹಿಂದಿನ ದಿನದ ಮಳೆಗೆ ಊರ ಮುಂದಿನ ರಸ್ತೆ ಜಾರುತ್ತಿತ್ತು. ಭಾವ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ ಇಳಿದರು. ರೇಣುಕಾ ಅಕ್ಕನ ಹೆಗಲು ಹಿಡಿದು, ಒಂದು ನೋವಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಮೆಲ್ಲಗೆ ಮೆಟ್ಟಿಲಿಳಿದಳು. ಬಾಗಿಲು ತೆರೆದಿತ್ತು. ಆದರೆ ಭಾವ ಮಗಳನ್ನು ಕೂಡಿಸಲಿಲ್ಲ. ಗಾಲಿಯ ಪಕ್ಕ ನಿಂತು, ಅಕ್ಕನನ್ನಲ್ಲ, ನನ್ನನ್ನು ನೋಡಿದರು.

"ನೀ ಒಮ್ಮಿ ನೋಡವಾ" ಎಂದರು.

ನಾನು ನೋಡುವುದಕ್ಕೇನಿತ್ತು? ಗೋಡೆಯ ಮೇಲಿನ ಒಂದು ಚಿತ್ರ ಓದಿದ್ದನ್ನು ಬಿಟ್ಟರೆ ನನಗೆ ಗೊತ್ತಿದ್ದದ್ದು ಏನೂ ಇಲ್ಲ. ಹವಾ ಸರಿಯಾಗಿದೆಯೆಂದು ಅವರೇ ಹಿಂದಿನ ದಿನ ನೋಡಿಸಿಕೊಂಡು ಬಂದಿದ್ದರು. ಆದರೂ ಬಗ್ಗಿದೆ. ಒಂದೊಂದು ಗಾಲಿಯ ಮುಂದೆಯೂ ಕೂತು, ಗೀರುಗಳಲ್ಲಿ ಸಿಕ್ಕಿದ ಕಲ್ಲುಗಳನ್ನು ತೆಗೆದೆ, ಪಕ್ಕೆಯ ಸುತ್ತ ಕೈಯಾಡಿಸಿದೆ, ಒದ್ದೆ ಮಣ್ಣು ಒರೆಸಿ ನಾಲ್ಕು ಅಂಕಿಗಳನ್ನು ಓದಿದೆ. ರೇಣುಕಾ ಹಲ್ಲು ಕಚ್ಚಿ ನಿಂತಿದ್ದಳು. ಅಕ್ಕನ ಕಣ್ಣು ನನ್ನ ಬೆರಳುಗಳ ಮೇಲಿತ್ತು. ಅಂದು ಬಮ್ಮಿಗಟ್ಟಿಯಲ್ಲಿ ಬೇಡವೆಂದು ಹೇಳುವುದು ಈ ಲೋಕದ ಅತಿ ಕಷ್ಟದ ಮಾತೆಂದು ನಾನು ತಿಳಿದಿದ್ದೆ. ಅದಕ್ಕಿಂತ ಭಾರವಾದ ಮಾತು ಇನ್ನೊಂದಿತ್ತು. ಬೇಡವೆಂದವಳ ಮೇಲೆ ಬಂದದ್ದು ಸಿಟ್ಟು ಮಾತ್ರ. ಹೂಂ ಎಂದವಳು ಆ ಹೂಂ ಜತೆಗೆ ಊರ ರಸ್ತೆಯನ್ನೂ, ಮಳೆಯನ್ನೂ, ಎದುರಿಗೆ ಬರುವ ಲಾರಿಗಳನ್ನೂ, ಹುಟ್ಟದ ಕೂಸನ್ನೂ ಹೊರಬೇಕು. ಇಷ್ಟು ವರ್ಷ ಈ ಮನೆಯಲ್ಲಿ ಪ್ರತಿ ಪಯಣದ ಮೊದಲು ಅದನ್ನು ಯಾರಿಗೂ ಹೇಳದೆ ಭಾವ ಒಬ್ಬರೇ ಹೊರುತ್ತಿದ್ದರೆಂದು ನನಗೆ ಆಗ, ಆ ಕೆಸರಿನಲ್ಲಿ ಮೊಣಕಾಲೂರಿದಾಗ, ತಿಳಿಯಿತು.

ಸೀರೆಗೆ ಕೈ ಒರೆಸಿಕೊಂಡು ಎದ್ದೆ.

"ಹೋಗೂಣ್ರಿ, ಭಾವಾರ."

ಅವರು ತಲೆಯಾಡಿಸಿ ಮಗಳನ್ನು ಕೂಡಿಸಿದರು. ನಾನು ಅವಳ ಪಕ್ಕ ಕೂತೆ. ಹುಬ್ಬಳ್ಳಿಯವರೆಗೂ ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದು ತನ್ನ ನೋವನ್ನು ಆಲಿಸುತ್ತಿದ್ದಳು, ನಾನು ಗಾಲಿಗಳನ್ನು.